ಮೈಮೇಲೆ ಗಾಯವಿರಲಿಲ್ಲ

1974ನೆಯ ಇಸವಿ ಜೂನ್ ತಿಂಗಳ ಮೊದಲನೆಯ ತಾರೀಖು, ಮಹಾರಾಷ್ಟ್ರದ ಚಂದ್ರಪುರದ ಸೆಷನ್ಸ್ ನ್ಯಾಯಾಲಯವು ಇಬ್ಬರು ಪೊಲೀಸರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಬಿಡುಗಡೆಯೊಂದೇ ಆಗಿದ್ದರೆ ಆ ತೀರ್ಪು ಜಿಲ್ಲೆಯ ದಫ್ತರದಲ್ಲಿ ಧೂಳು ಹಿಡಿದು ಮರೆತುಹೋಗುತ್ತಿತ್ತೇನೋ. ಆದರೆ ನ್ಯಾಯಾಧೀಶರು ಅಷ್ಟಕ್ಕೆ ನಿಲ್ಲದೆ, ದೂರು ಕೊಟ್ಟಿದ್ದ ಕೂಲಿಯ ಹುಡುಗಿ ಎಂಥವಳು ಎಂಬುದನ್ನೂ ವಿಸ್ತಾರವಾಗಿ ಬರೆದರು. ಅವಳು ಕೇಳಿದವರು ಬೆಚ್ಚಿಬೀಳುವಂಥ ಸುಳ್ಳುಗಾರ್ತಿ, ಅವಳು ಮೊದಲೇ ಪುರುಷಸಂಗದ ರೂಢಿಯುಳ್ಳವಳು, ಪೊಲೀಸಿನವನೊಡನೆ ನಡೆದದ್ದು ಸಮಾಗಮವಿರಬಹುದೇ ಹೊರತು ಬಲಾತ್ಕಾರವಲ್ಲ ಎಂಬುದು ಆ ಬರಹದ ಸಾರ. ಘಟನೆ ನಡೆದಾಗ ಅವಳಿಗೆ 14ರಿಂದ 16 ವರ್ಷವೆಂದು ವೈದ್ಯರು ಅಂದಾಜು ಮಾಡಿದ್ದರು.

ಆ ಹುಡುಗಿಯ ಹೆಸರು ನಮ್ಮ ದೇಶದ ಕಾನೂನು ವಿದ್ಯಾರ್ಥಿಗಳಿಗೆಲ್ಲ ತಿಳಿದಿದೆ. ಮೊಕದ್ದಮೆಯನ್ನು ಜನ ಗುರುತಿಸುವುದೇ ಅವಳ ಹೆಸರಿನಿಂದ. ಆದರೂ ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಅಪರಾಧಕ್ಕೆ ತುತ್ತಾದವರ ಹೆಸರನ್ನು ಪ್ರಕಟಿಸಬಾರದೆಂಬ ನಿಯಮವು ಅವಳ ಮೊಕದ್ದಮೆ ಎಬ್ಬಿಸಿದ ಕೋಲಾಹಲದ ಫಲವಾಗಿಯೇ 1983ರಲ್ಲಿ ಹುಟ್ಟಿತು. ತನ್ನಿಂದ ಹುಟ್ಟಿದ ರಕ್ಷೆ ತನಗೇ ದೊರೆಯದೆ ಹೋದವಳಿಗೆ ಇಷ್ಟು ತಡವಾಗಿಯಾದರೂ ಅದು ಸಲ್ಲಬೇಕೆಂಬುದು ನನ್ನ ಭಾವನೆ. ಈ ಮೊಕದ್ದಮೆಯ ಇತಿಹಾಸವನ್ನು ಕಾನೂನಿನ ದೃಷ್ಟಿಯಿಂದ ಬಲ್ಲವರು ಹಲವು ಬಾರಿ ಬರೆದಿರುವರು. ನನ್ನ ಗಮನವೆಲ್ಲ ಇರುವುದು ತೀರ್ಪು ಕೊಟ್ಟವರ, ಸುದ್ದಿ ಕೇಳಿದವರ, ತಲೆಯಾಡಿಸಿದವರ ಮನಸ್ಸಿನ ಮೇಲೆ. ವಿದ್ಯಾವಂತರೂ ಪ್ರಾಮಾಣಿಕರೂ ಆದ ಮನುಷ್ಯರು ಕಣ್ಣೆದುರಿಗೆ ನಿಂತ ಹುಡುಗಿಯನ್ನು ನೋಡದೆ, ತಮ್ಮೊಳಗೆ ಕಡೆದಿಟ್ಟುಕೊಂಡಿದ್ದ ಒಬ್ಬ ಕಲ್ಪಿತ ಸ್ತ್ರೀಯನ್ನು ನೋಡಿ, ಇವಳು ಅವಳಂತಿಲ್ಲ, ಆದುದರಿಂದ ಇವಳು ಹೇಳುವುದು ಸುಳ್ಳು ಎಂದು ತೀರ್ಮಾನಿಸಿದ್ದು ಹೇಗೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ದೇಸಾಯಿಗಂಜ್ ಎಂಬುದು ವೈನಗಂಗಾ ನದಿಯ ಆಸುಪಾಸಿನ ಊರು. ಗೋಂದಿಯಾದಿಂದ ಚಂದ್ರಪುರಕ್ಕೆ ಹೋಗುವ ರೈಲುಹಾದಿಯಲ್ಲಿ ಅದಕ್ಕೆ ವಡಸಾ ಎಂಬ ಹೆಸರಿನ ನಿಲ್ದಾಣವುಂಟು. ಇಂದು ಗಡ್‌ಚಿರೋಲಿ ಜಿಲ್ಲೆಗೆ ಸೇರಿದ ಆ ಊರು ಅಂದು ಚಂದ್ರಪುರ ಜಿಲ್ಲೆಯಲ್ಲಿತ್ತು. ತಂದೆತಾಯಿಗಳನ್ನು ಬಾಲ್ಯದಲ್ಲಿಯೇ ಕಳೆದುಕೊಂಡಿದ್ದ ಈ ಆದಿವಾಸಿ ಹುಡುಗಿ ಅಣ್ಣನ ಆಶ್ರಯದಲ್ಲಿದ್ದು, ಊರಿನ ಒಬ್ಬ ಹೆಂಗಸಿನ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಆ ಹೆಂಗಸಿನ ಬಂಧುವಾದ ತರುಣನೊಬ್ಬನಲ್ಲಿ ಅವಳಿಗೆ ಪ್ರೀತಿ ಹುಟ್ಟಿ, ಇಬ್ಬರೂ ಮದುವೆಯಾಗುವುದೆಂದು ನಿಶ್ಚಯಿಸಿಕೊಂಡಿದ್ದರು. ಇದು ಹಿಡಿಸದ ಅಣ್ಣ, ತಂಗಿಯನ್ನು ಅಪಹರಿಸಿರುವರೆಂದು ಪೊಲೀಸರಿಗೆ ದೂರು ಕೊಟ್ಟ. 1972ನೆಯ ಇಸವಿ ಮಾರ್ಚ್ 26ರ ರಾತ್ರಿ ಎಲ್ಲರನ್ನೂ ಠಾಣೆಗೆ ಕರೆಸಲಾಯಿತು. ಹೇಳಿಕೆಗಳನ್ನು ಬರೆದುಕೊಂಡ ಅಧಿಕಾರಿ, ಹುಡುಗಿಯ ಜನ್ಮದಿನಾಂಕದ ದಾಖಲೆಯನ್ನು ತರಬೇಕೆಂದು ಅಣ್ಣನಿಗೆ ತಿಳಿಸಿ, ಸುಮಾರು ಹತ್ತೂವರೆ ಗಂಟೆಗೆ ಮನೆಗೆ ಹೊರಟುಹೋದ. ಠಾಣೆಯಲ್ಲಿ ಉಳಿದವರು ಒಬ್ಬ ಹೆಡ್ ಕಾನ್‌ಸ್ಟೇಬಲ್, ಒಬ್ಬ ಕಾನ್‌ಸ್ಟೇಬಲ್. ಬಂದವರೆಲ್ಲ ಹೊರಗೆ ಹೋಗಲಿ, ಹುಡುಗಿ ಮಾತ್ರ ಒಳಗೆ ನಿಲ್ಲಲಿ ಎಂದು ಅವರು ಹೇಳಿದರು.

ಹೊರಗೆ ನಿಂತವರು ಕಂಡದ್ದು ಇಷ್ಟು: ಠಾಣೆಯ ದೀಪ ಆರಿತು, ಬಾಗಿಲು ಮುಚ್ಚಿತು. ಕೆಲಸ ಕೊಟ್ಟಿದ್ದ ಆ ಹೆಂಗಸು ಸಂಶಯಗೊಂಡು ಹುಡುಗಿಯ ಹೆಸರು ಹಿಡಿದು ಕೂಗಿದಳು, ಉತ್ತರ ಬರಲಿಲ್ಲ, ಕೂಗು ಕೇಳಿ ಜನ ಸೇರತೊಡಗಿದರು. ಹೆಡ್ ಕಾನ್‌ಸ್ಟೇಬಲ್ ಹೊರಗೆ ಬಂದು, ಹುಡುಗಿ ಆಗಲೇ ಹೋದಳಲ್ಲ ಎಂದ. ಸ್ವಲ್ಪ ಹೊತ್ತಿನಲ್ಲಿಯೇ ಅವಳು ಅದೇ ಠಾಣೆಯೊಳಗಿನಿಂದ ಹೊರಬಂದು, ಕಾನ್‌ಸ್ಟೇಬಲನು ತನ್ನ ಮೇಲೆ ಅತ್ಯಾಚಾರ ಮಾಡಿದನೆಂದು ಅಲ್ಲಿಯೇ, ಆಗಲೇ, ಎಲ್ಲರ ಎದುರಿಗೆ ಹೇಳಿದಳು. ಠಾಣೆಗೆ ಬೆಂಕಿಯಿಡುತ್ತೇವೆಂದು ಜನ ಗದ್ದಲವೆಬ್ಬಿಸಿದ ಮೇಲೆ ಮನೆಗೆ ಹೋಗಿದ್ದ ಅಧಿಕಾರಿಯನ್ನು ಮತ್ತೆ ಕರೆಸಿ ಅವಳ ದೂರನ್ನು ಬರೆದುಕೊಳ್ಳಲಾಯಿತು. ಓದು ಬರಹ ಬಾರದ ಹುಡುಗಿಯೊಬ್ಬಳು ಪೊಲೀಸರ ಮೇಲೆಯೇ, ಪೊಲೀಸ್ ಠಾಣೆಯ ಬಾಗಿಲಲ್ಲಿಯೇ ನಿಂತು, ಕ್ಷಣಮಾತ್ರವೂ ತಡಮಾಡದೆ ಬಾಯಿಬಿಟ್ಟು ಹೇಳಿದ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ ಹೆಂಗಸು ತಡಮಾಡಿ ಹೇಳಿದರೆ ಕಟ್ಟುಕಥೆಯೆನ್ನುವ ಲೋಕವು, ತಡಮಾಡದೆ ಹೇಳಿದ ಇವಳ ಮಾತನ್ನೂ ಕಟ್ಟುಕಥೆಯೆಂದೇ ಕರೆಯಿತು. ಪೊಲೀಸಿನವನಿಗೆ ತಾನಾಗಿಯೇ ಒಲಿದವಳು, ಹೊರಗೆ ಬಂದು ಪ್ರಿಯಕರನನ್ನೂ ಕೋಪಗೊಂಡ ಯಜಮಾನಿಯನ್ನೂ ನೆರೆದ ಜನವನ್ನೂ ಕಂಡು, ತನ್ನ ಮಾನವುಳಿಸಿಕೊಳ್ಳುವುದಕ್ಕಾಗಿ ಬಲಾತ್ಕಾರದ ಕಥೆ ಹೂಡಿದಳೆಂದು ಸೆಷನ್ಸ್ ನ್ಯಾಯಾಧೀಶರು ಊಹಿಸಿದರು. ಅವಳ ಬಟ್ಟೆಯ ಮೇಲೆ ದೊರೆತ ಕಲೆಗಳಿಗೂ ಬೇರೆ ಕಾರಣವಿರಬಹುದೆಂದರು. ಅವಳ ವಯಸ್ಸು 16ಕ್ಕಿಂತ ಕಡಿಮೆಯೆಂಬುದೂ ಅವರ ಮಟ್ಟಿಗೆ ಸಿದ್ಧವಾಗಲಿಲ್ಲ.

ಈ ಊಹೆಗೆ ಬಲವಾದ ಆಧಾರವೆಂದು ನ್ಯಾಯಾಧೀಶರ ಮುಂದಿದ್ದುದು ವೈದ್ಯಕೀಯ ಪರೀಕ್ಷೆಯ ವರದಿ. ಘಟನೆಯ ಮರುದಿನ ರಾತ್ರಿ, ಅಂದರೆ ಹತ್ತಿರಹತ್ತಿರ ಒಂದು ಪೂರ್ಣ ದಿನ ಕಳೆದ ಮೇಲೆ, ನಡೆದ ಆ ಪರೀಕ್ಷೆಯಲ್ಲಿ ಅವಳ ಮೈಮೇಲೆ ಗಾಯಗಳಾವುವೂ ಕಂಡುಬರಲಿಲ್ಲ. ಕನ್ಯಾಪೊರೆ ಹಳೆಯ ಕಾಲದಲ್ಲಿಯೇ ಹರಿದಿತ್ತು. ಎರಡು ಬೆರಳುಗಳ ಪರೀಕ್ಷೆಯ ಫಲಿತವನ್ನೂ ವೈದ್ಯರು ನಮೂದಿಸಿದ್ದರು. ಎರಡು ಬೆರಳುಗಳಿಂದ ಹೆಣ್ಣಿನ ಸತ್ಯವನ್ನು ಅಳೆಯುವ ಈ ಪದ್ಧತಿಯು ವೈದ್ಯರೊಬ್ಬರ ಕ್ರೌರ್ಯದಿಂದಾಗಲಿ ಅಜ್ಞಾನದಿಂದಾಗಲಿ ಬಂದುದಲ್ಲ, ಅವರಿಗೆ ಕಲಿಸಿದ ವಿದ್ಯೆಯೇ ಅದು. ಅದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ನ್ಯಾಯಾಧೀಶ ಮ್ಯಾಥ್ಯೂ ಹೇಲನು, ಬಲಾತ್ಕಾರದ ಆರೋಪವನ್ನು ಹೊರಿಸುವುದು ಸುಲಭ, ಸಿದ್ಧಪಡಿಸುವುದು ಕಷ್ಟ, ನಿರಪರಾಧಿಗೂ ಅದರಿಂದ ಪಾರಾಗುವುದು ಇನ್ನೂ ಕಷ್ಟ ಎಂಬರ್ಥದ ಎಚ್ಚರಿಕೆಯೊಂದನ್ನು ಬರೆದಿಟ್ಟ. ಅವನು ಸತ್ತು 60 ವರ್ಷಗಳಾದ ಮೇಲೆ, 1736ರಲ್ಲಿ, ಅಚ್ಚಾದ ಆ ಗ್ರಂಥವು ಆಂಗ್ಲ ನ್ಯಾಯಾಲಯಗಳಿಗೆ ಎರಡು ಶತಮಾನಕ್ಕೂ ಮಿಕ್ಕಿ ಪ್ರಮಾಣವಾಗಿ ನಿಂತಿತು. ಬೇರೆ ಯಾವ ಅಪರಾಧದ ಫಿರ್ಯಾದಿಗೂ ಇಲ್ಲದ ಅನುಮಾನವೊಂದು ಹೀಗೆ ಹೆಣ್ಣಿನ ಫಿರ್ಯಾದಿಗೆ ಮಾತ್ರ ಅಂಟಿಕೊಂಡಿತು. ಕಂಪೆನಿ ಸರಕಾರದ ಕಾಲದಲ್ಲಿ ಬಂಗಾಲದ ವೈದ್ಯನ್ಯಾಯಶಾಸ್ತ್ರವನ್ನು ಬರೆದ ನಾರ್ಮನ್ ಚೆವರ್ಸನಂಥವರು ಅದಕ್ಕೆ ಇನ್ನೊಂದು ಅನುಮಾನವನ್ನು ಕೂಡಿಸಿದರು: ಈ ದೇಶದ ಜನ ಸ್ವಭಾವತಃ ಸುಳ್ಳು ದೂರು ಕೊಡುವವರು, ಆದುದರಿಂದ ಇಲ್ಲಿ ಬಾಯಿಮಾತಿಗಿಂತ ದೇಹವನ್ನೇ ನಂಬಬೇಕು ಎಂಬುದು ಅವರ ನಿಲುವು. ಹೆಣ್ಣು ಸುಳ್ಳಾಡುತ್ತಾಳೆಂಬ ಇಂಗ್ಲೆಂಡಿನ ಸಂಶಯವೂ ಭಾರತೀಯರು ಸುಳ್ಳಾಡುತ್ತಾರೆಂಬ ಆಳರಸರ ಸಂಶಯವೂ ಸೇರಿ ಒಂದು ಪಾಠವಾಯಿತು. ಆಳರಸರು ಹೊರಟುಹೋದ ಮೇಲೂ ನಮ್ಮ ವೈದ್ಯಕೀಯ ವಿದ್ಯಾಲಯಗಳು ಆ ಪಾಠವನ್ನು ಶ್ರದ್ಧೆಯಿಂದ ಹೇಳಿಕೊಡುತ್ತಲೇ ಬಂದವು. 1872ರ ಸಾಕ್ಷ್ಯ ಅಧಿನಿಯಮವಂತೂ, ಬಲಾತ್ಕಾರದ ಆರೋಪಿಯು ಫಿರ್ಯಾದಿ ಹೆಂಗಸಿನ ನಡತೆ ಸಾಮಾನ್ಯವಾಗಿ ಕೆಟ್ಟುದೆಂದು ತೋರಿಸಿ ಅವಳ ಮಾತಿನ ಬೆಲೆ ಕಳೆಯಬಹುದೆಂದು ಸ್ಪಷ್ಟವಾಗಿಯೇ ಅನುಮತಿ ಕೊಟ್ಟಿತ್ತು. ಕಳವಿನ ಮೊಕದ್ದಮೆಯಲ್ಲಿ ಹಣ ಕಳೆದುಕೊಂಡವನು ಹಿಂದೆ ಯಾರುಯಾರಿಗೆ ದಾನ ಕೊಟ್ಟಿದ್ದನೆಂದು ಪಾಟೀಸವಾಲು ಮಾಡುವ ವಕೀಲರನ್ನು ಯಾರೂ ಕಂಡಿಲ್ಲ.

ಬಾಂಬೆ ಹೈಕೋರ್ಟಿನ ನಾಗಪುರ ಪೀಠವು 1976ನೆಯ ಇಸವಿ ಅಕ್ಟೋಬರ್ 12ರಂದು ಈ ತೀರ್ಪನ್ನು ತಿರುವಿಹಾಕಿತು. ಕಾನ್‌ಸ್ಟೇಬಲನಿಗೆ 5 ವರ್ಷಗಳ ಕಠಿಣ ಸಜೆಯನ್ನೂ ಮಾನಭಂಗದ ಅಪರಾಧಕ್ಕಾಗಿ ಹೆಡ್ ಕಾನ್‌ಸ್ಟೇಬಲನಿಗೆ 1 ವರ್ಷದ ಸಜೆಯನ್ನೂ ವಿಧಿಸಿದ ಆ ನ್ಯಾಯಮೂರ್ತಿಗಳು ಹೇಳಿದ ಮಾತು ಸರಳವಾದದ್ದು. ಆದರೆ ಅದನ್ನು ಹೇಳುವುದಕ್ಕೆ ಠಾಣೆಯ ಆ ರಾತ್ರಿಯನ್ನು ಹುಡುಗಿಯ ನಿಲುವಿನಿಂದ ನೋಡುವಷ್ಟು ಕಲ್ಪನಾಶಕ್ತಿ ಬೇಕಾಗಿತ್ತು. ಅಪರಿಚಿತರಾದ ಇಬ್ಬರು ಪೊಲೀಸರ ಕೈಯಲ್ಲಿ, ಅಣ್ಣನೇ ಕೊಟ್ಟ ದೂರಿನ ವಿಚಾರಣೆಗೆಂದು ಬಂದು ಸಿಕ್ಕಿಕೊಂಡ ಬಡಹುಡುಗಿಯು ತಾನಾಗಿ ಅವರನ್ನು ಬಯಸಿದಳೆನ್ನುವುದು ಅಸಂಭವ. ಭಯದಿಂದ ನಿಸ್ಸಹಾಯಳಾಗಿ ಮೈಯೊಪ್ಪಿಸುವುದು ಸಮ್ಮತಿಯಾಗಲಾರದು ಎಂದು ಅವರು ನಿರ್ಣಯಿಸಿದರು. ಈ ಒಂದು ವಿವೇಕವನ್ನು ಸರ್ವೋಚ್ಚ ನ್ಯಾಯಾಲಯವು ಉಳಿಸಿಕೊಂಡಿದ್ದರೆ ಮುಂದಿನ ಇತಿಹಾಸವೇ ಬೇರೆಯಾಗುತ್ತಿತ್ತು.

ಉಳಿಸಿಕೊಳ್ಳಲಿಲ್ಲ. 1978ರ ಸೆಪ್ಟೆಂಬರ್ 15ರಂದು ನ್ಯಾಯಮೂರ್ತಿಗಳಾದ ಜಸವಂತ್ ಸಿಂಗ್, ಪಿ. ಎಸ್. ಕೈಲಾಸಂ, ಎ. ಡಿ. ಕೋಶಲ್ ಇವರ ಪೀಠವು ಇಬ್ಬರು ಪೊಲೀಸರನ್ನೂ ಮತ್ತೆ ಬಿಡುಗಡೆ ಮಾಡಿತು. ಕೋಶಲರು ಬರೆದ ತೀರ್ಪಿನ ತರ್ಕವು ಮೇಲುನೋಟಕ್ಕೆ ಹದವಾದದ್ದು, ಸಮಾಧಾನದ್ದು. ಅದರಲ್ಲಿ ಸೆಷನ್ಸ್ ನ್ಯಾಯಾಧೀಶರ ಬೈಗುಳಗಳ ದನಿಯಿಲ್ಲ. ತಾನು ಬಲವಾಗಿ ಪ್ರತಿಭಟಿಸಿದೆನೆಂದು ಹುಡುಗಿ ಹೇಳುತ್ತಾಳೆ, ಮೈಮೇಲೆ ಗಾಯಗಳಿಲ್ಲ, ಆದುದರಿಂದ ಪ್ರತಿಭಟನೆಯ ಮಾತು ಸುಳ್ಳು, ನಡೆದದ್ದು ಶಾಂತವಾಗಿಯೇ ನಡೆದಿರಬೇಕು. ತನ್ನವರ ನಡುವಿನಿಂದ ಕರೆದೊಯ್ಯುವಾಗ ಅವಳು ಕೂಗಿಕೊಳ್ಳಲಿಲ್ಲ, ಕೈ ಕಿತ್ತುಕೊಳ್ಳಲಿಲ್ಲ, ಆದುದರಿಂದ ಸಾವಿನ ಅಥವಾ ನೋವಿನ ಭಯದಿಂದ ಒಪ್ಪಿದಳೆಂದೂ ಹೇಳಲಾಗದು. ಒಂದೊಂದು ಮೆಟ್ಟಿಲೂ ಗಟ್ಟಿಯಾಗಿಯೇ ಕಾಣುತ್ತದೆ. ಕೊರತೆಯಿರುವುದು ಎಲ್ಲಿಯೆಂದರೆ, ಪೊಲೀಸ್ ಠಾಣೆ ಎಂಬ ಸ್ಥಳವು ಈ ತರ್ಕದೊಳಗೆ ಎಲ್ಲಿಯೂ ಪ್ರವೇಶಿಸುವುದೇ ಇಲ್ಲ. ಸಮವಸ್ತ್ರ, ಬಾಗಿಲಿನ ಅಗುಳಿ, ಹೊರಗೆ ನಿಂತ ಅಣ್ಣನ ಕೋಪ, ವಿಚಾರಣೆಗೆ ಕರೆಸಿದವರ ಮಾತನ್ನು ಮೀರಿದರೆ ಏನಾದೀತೋ ಎಂಬ ಬಡವರ ನಿತ್ಯದ ಅಳುಕು, ಇವಾವುವೂ ಇಲ್ಲದ ಶೂನ್ಯದಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸು ಎದುರಾದಂತೆ ತೀರ್ಪು ಆ ರಾತ್ರಿಯನ್ನು ಚಿತ್ರಿಸುತ್ತದೆ. ಕೂಗದೆ ಇದ್ದವಳ ಬಾಯಿ ಏಕೆ ಕಟ್ಟಿತ್ತು ಎಂಬ ಪ್ರಶ್ನೆಯನ್ನೇ ಅದು ಎತ್ತುವುದಿಲ್ಲ.

ಈ ಪ್ರಶ್ನೆಗೆ ಮನಃಶಾಸ್ತ್ರವು ಆಗಲೇ ಉತ್ತರಗಳನ್ನು ಹುಡುಕತೊಡಗಿತ್ತು. ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೊಳಗಾಗಿ ಬಂದ ಹೆಂಗಸರನ್ನು ಮಾತನಾಡಿಸಿ ಅಧ್ಯಯನ ಮಾಡಿದ ಆ್ಯನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ 1974ರಲ್ಲಿ, ಅಂದರೆ ಚಂದ್ರಪುರದ ತೀರ್ಪು ಹೊರಬಿದ್ದ ವರ್ಷದಲ್ಲಿಯೇ, ಪ್ರಕಟಿಸಿದ ಪ್ರಬಂಧದಲ್ಲಿ, ಕೆಲವರು ಅತ್ತು ನಡುಗಿದರೆ ಇನ್ನು ಕೆಲವರು ಏನೂ ಆಗದವರಂತೆ ಶಾಂತವಾಗಿ ಕುಳಿತಿರುವರೆಂದೂ, ಆ ಶಾಂತಿಯೂ ಆಘಾತದ ಲಕ್ಷಣವೇ ಎಂದೂ ತೋರಿಸಿದರು. ಬಹುಕಾಲದ ತರುವಾಯ, 2017ರಲ್ಲಿ, ಸ್ಟಾಕ್‌ಹೋಮಿನ ಚಿಕಿತ್ಸಾಲಯವೊಂದಕ್ಕೆ ಬಂದ 298 ಹೆಂಗಸರ ಅಧ್ಯಯನವು ಇನ್ನೂ ಸ್ಪಷ್ಟವಾದ ಮಾತನ್ನು ಹೇಳಿತು: ಅವರಲ್ಲಿ ನೂರಕ್ಕೆ 70 ಮಂದಿ ಆ ಹೊತ್ತಿನಲ್ಲಿ ಗಣನೀಯ ಪ್ರಮಾಣದಲ್ಲಿ ಮರಗಟ್ಟಿಹೋಗಿದ್ದರು; ಕೈಕಾಲು ಆಡಿಸಲಾರದ, ಧ್ವನಿಯೆತ್ತಲಾರದ ಜಡಸ್ಥಿತಿಯು ನೂರಕ್ಕೆ 48 ಮಂದಿಯಲ್ಲಿ ತೀವ್ರವಾಗಿಯೇ ಕಂಡುಬಂದಿತ್ತು. ಓಡಬಹುದೆಂಬ ದಾರಿಯೂ ಹೋರಾಡಬಹುದೆಂಬ ದಾರಿಯೂ ಮುಚ್ಚಿದಾಗ ಪ್ರಾಣಿಶರೀರವು ತಾನಾಗಿ ಹಿಡಿಯುವ ಮೂರನೆಯ ದಾರಿಯಿದು. ಇದರಲ್ಲಿ ಇಚ್ಛೆಯ ಪಾತ್ರವಿಲ್ಲ. ಹೀಗಿರುವಲ್ಲಿ, ಮೈಮೇಲೆ ಗಾಯವಿಲ್ಲದಿರುವುದನ್ನು ಸಮ್ಮತಿಯ ಚಿಹ್ನೆಯೆಂದು ಓದುವ ನ್ಯಾಯಾಲಯವು, ಭಯ ಎಷ್ಟು ಹೆಚ್ಚಾಗಿತ್ತೋ ಅಷ್ಟೂ ಸಮ್ಮತಿಯಿತ್ತೆಂದು ಹೇಳಿದಂತಾಗುವುದಿಲ್ಲವೆ?

ಇನ್ನು ಕೇಳುವವರ ಮನಸ್ಸು. ಅದರ ವಿಚಾರ ಇನ್ನೂ ಕಹಿಯಾದದ್ದು. ಮೆಲ್ವಿನ್ ಲರ್ನರ್ ಎಂಬ ಮನೋವಿಜ್ಞಾನಿಯು ಕ್ಯಾರೊಲಿನ್ ಸಿಮನ್ಸ್ ಎಂಬವಳೊಡನೆ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನಮ್ಮಲ್ಲಿ ಹೆಚ್ಚು ಜನ ತಿಳಿದಿರಬೇಕಾಗಿತ್ತು. ತಮ್ಮಂತೆಯೇ ಒಬ್ಬ ಯುವತಿಯು ವಿದ್ಯುತ್ತಿನ ಆಘಾತಗಳಿಂದ ನರಳುವುದನ್ನು ಕೆಲವು ವಿದ್ಯಾರ್ಥಿನಿಯರು ಕುಳಿತು ನೋಡಬೇಕು. ನರಳುವುದು ನಟನೆಯೆಂದು ಅವರಿಗೆ ತಿಳಿದಿಲ್ಲ. ಆ ಹಿಂಸೆಯನ್ನು ನಿಲ್ಲಿಸುವ ಅಧಿಕಾರ ಕೈಗೆ ಬಂದಾಗ ಅವರು ಬಹುಪಾಲು ಅದನ್ನು ನಿಲ್ಲಿಸಿದರು, ಅವಳ ವಿಷಯದಲ್ಲಿ ಮರುಕವನ್ನೂ ಉಳಿಸಿಕೊಂಡರು. ನಿಲ್ಲಿಸಲಾಗದೆ ನೋಡುತ್ತಲೇ ಇರಬೇಕಾಗಿ ಬಂದವರೋ ಅವಳನ್ನೇ ಕೀಳಾಗಿ ಕಾಣತೊಡಗಿದರು. ಲೋಕವು ನ್ಯಾಯವಾದದ್ದು, ಇಲ್ಲಿ ತಪ್ಪು ಮಾಡದವರಿಗೆ ಕೇಡು ತಟ್ಟುವುದಿಲ್ಲ ಎಂಬ ನಂಬಿಕೆ ಮನುಷ್ಯನಿಗೆ ಅನ್ನದಷ್ಟೇ ಅವಶ್ಯ. ಅದು ಕುಸಿಯುವುದನ್ನು ಸಹಿಸಲಾರದೆ, ನೊಂದವರಲ್ಲಿಯೇ ದೋಷ ಹುಡುಕಿ ನಂಬಿಕೆಯನ್ನು ಕಾಪಾಡಿಕೊಳ್ಳುತ್ತೇವೆ. ಆ ಹೊತ್ತಿನಲ್ಲಿ ಅಲ್ಲಿಗೆ ಏಕೆ ಹೋದಳು, ಹೇಗೆ ಉಟ್ಟಿದ್ದಳು, ಯಾರ ಜೊತೆಗಿದ್ದಳು ಎಂದು ನಮ್ಮ ಮನೆಗಳ ಹಿರಿಯ ಹೆಂಗಸರು ಕೇಳುವಾಗ ಅದರಲ್ಲಿ ಹಗೆಯಿರುವುದಿಲ್ಲ. ತಾವು ಹೋಗಿಲ್ಲ, ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸಿಲ್ಲ, ಆದುದರಿಂದ ತಾವು ಕ್ಷೇಮ ಎಂಬ ಸಮಾಧಾನವನ್ನು ಅವರು ಅರಸುತ್ತಿರುತ್ತಾರೆ. ಗಂಡಸರ ಪ್ರಶ್ನೆಗಳ ಹಿಂದಿರುವುದು ಬೇರೆ ಬಗೆಯ ಸಮಾಧಾನ. ಅಪರಾಧಿಯು ತಮ್ಮಂಥ ಸಾಧಾರಣ ಮನುಷ್ಯನಲ್ಲ, ತಮ್ಮಂಥವನು ಹಾಗೆ ಮಾಡಿದನೆಂದು ಹೇಳಿದರೆ ಹೇಳಿದವಳಲ್ಲಿಯೇ ಏನೋ ಕುಂದಿರಬೇಕು ಎಂದು ಅವರ ಮನಸ್ಸು ಬಗೆಯುತ್ತದೆ. 1980ರಲ್ಲಿ ಮಾರ್ತಾ ಬರ್ಟ್ ಎಂಬ ಸಂಶೋಧಕಿಯು ಅಮೆರಿಕದ ಮಿನ್ನೆಸೋಟಾ ಪ್ರಾಂತದ 598 ಮಂದಿಯನ್ನು ವಿಚಾರಿಸಿ, ಗಂಡುಹೆಣ್ಣುಗಳ ಸಂಬಂಧವನ್ನು ಪರಸ್ಪರ ವಂಚನೆಯ ಹೋರಾಟವೆಂದು ಭಾವಿಸುವವರೂ, ಗಂಡಿನ ಕೆಲಸ ಇದು ಹೆಣ್ಣಿನ ಕೆಲಸ ಇದು ಎಂದು ಕಟ್ಟುನಿಟ್ಟಾಗಿ ವಿಂಗಡಿಸುವವರೂ, ಒಬ್ಬರನ್ನೊಬ್ಬರು ಬಲದಿಂದ ಮಣಿಸುವುದು ಸಹಜವೆಂದು ಒಪ್ಪುವವರೂ, ಅತ್ಯಾಚಾರದ ಬಗೆಗಿನ ಮಿಥ್ಯೆಗಳನ್ನು ಹೆಚ್ಚಾಗಿ ನಂಬುವರೆಂದು ಕಂಡುಕೊಂಡಳು. ಅಮೆರಿಕದ ಒಂದು ಪ್ರಾಂತದ ಫಲಿತವನ್ನು ಇಡೀ ಲೋಕಕ್ಕೆ ಹಚ್ಚಬಾರದು. ಆದರೂ ಚಂದ್ರಪುರದ ತೀರ್ಪನ್ನು ಓದಿದವರಿಗೆ ಆ ಪಟ್ಟಿ ಅಪರಿಚಿತವಾಗಿ ತೋರದು.

ಇದಕ್ಕೆ ನಮ್ಮ ನಾಡಿನ ಹಳೆಯ ಸಂಸ್ಕಾರವೂ ಸೇರಿಕೊಂಡಿದೆಯೆಂಬುದನ್ನು ಮರೆಮಾಚಲಾಗದು. ಕನ್ನಡನಾಡಿನ ವೀರಗಲ್ಲುಗಳಲ್ಲಿ ತುರುಗೋಳಿನಲ್ಲಿ ಮಡಿದವರ ಜೊತೆಗೆ ಪೆಣ್ಬುಯ್ಯಲಿನಲ್ಲಿ ಮಡಿದವರನ್ನೂ ಕೊಂಡಾಡಿರುವುದುಂಟು. ಊರಿನ ದನಗಳನ್ನು ಬಿಡಿಸಲು ಹೋದಂತೆಯೇ ಊರಿನ ಹೆಣ್ಣುಗಳ ಮೊರೆಗೆ ಓಗೊಟ್ಟು ಪ್ರಾಣವಿತ್ತ ಆ ವೀರರ ತ್ಯಾಗಕ್ಕೆ ನಾವು ತಲೆಬಾಗಲೇಬೇಕು. ಆದರೆ ಕಲ್ಲಿನಲ್ಲಿ ಹೆಸರುಳ್ಳವನು ಅವನು. ಮೊರೆಯಿಟ್ಟವಳ ಹೆಸರನ್ನು ಕಂಡರಿಸುವ ರೂಢಿಯಿರಲಿಲ್ಲ. ಕೆಟ್ಟದ್ದು ಊರಿನ ಮಾನ, ಗಂಡಸರ ಮಾನ, ಕುಲದ ಮಾನ ಎಂದು ಬಗೆಯುವ ಸಮಾಜದಲ್ಲಿ, ಹೆಣ್ಣಿನ ಬಾಯಿಂದ ಹೊರಡುವ ದೂರು ಅವಳ ನೋವಿನ ನಿವೇದನೆಯಾಗುವ ಮೊದಲೇ ಕುಲದ ಅಪಕೀರ್ತಿಯ ಡಂಗುರವಾಗಿಬಿಡುತ್ತದೆ, ಮುಚ್ಚಿಡುವುದು ಧರ್ಮವೆನಿಸುತ್ತದೆ. ಯಾರ ಮಾನವನ್ನು ಊರು ಮೊದಲೇ ಲೆಕ್ಕಕ್ಕೆ ಹಿಡಿದಿಲ್ಲವೋ ಅಂಥವಳಿಗೆ, ಅಂದರೆ ಆದಿವಾಸಿಗೆ, ಕೂಲಿಯವಳಿಗೆ, ಅನಾಥೆಗೆ, ಮದುವೆಗೆ ಮುಂಚೆಯೇ ಪ್ರೀತಿಸಿದವಳಿಗೆ, ಕಳೆದುಕೊಳ್ಳಲು ಮಾನವೇ ಇರಲಿಲ್ಲವೆಂದು ವಾದಿಸುವುದೂ ಆಗ ಸುಲಭವಾಗುತ್ತದೆ.

ದೇಸಾಯಿಗಂಜದ ಮೊಕದ್ದಮೆಯೊಂದೇ ಹೀಗಾಗಿದ್ದರೆ ಅಪವಾದವೆನ್ನಬಹುದಾಗಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದ 1978ರಲ್ಲಿಯೇ, ಮಾರ್ಚ್ ತಿಂಗಳ ಕೊನೆಗೆ, ಹೈದರಾಬಾದಿನ ನಲ್ಲಕುಂಟ ಠಾಣೆಯಲ್ಲಿ ಬಡ ಮುಸ್ಲಿಂ ಹೆಂಗಸೊಬ್ಬಳ ಮೇಲೆ ಪೊಲೀಸರು ಅತ್ಯಾಚಾರವೆಸಗಿ, ವಿರೋಧಿಸಿದ ಅವಳ ಗಂಡನನ್ನು ಹೊಡೆದು ಕೊಂದರೆಂದು ನಗರವೇ ಹೊತ್ತಿ ಉರಿಯಿತು. ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ಮುಕ್ತದರ್ ಆಯೋಗದ ಮುಂದೆ ಪೊಲೀಸರ ಪರದವರು ಮಾಡಿದ ಮುಖ್ಯ ಸಾಹಸವೆಂದರೆ ಆ ಹೆಂಗಸು ವೇಶ್ಯೆಯೆಂದೂ, ಸತ್ತವನೊಡನೆ ಅವಳ ವಿವಾಹವೇ ಸಿಂಧುವಲ್ಲವೆಂದೂ ತೋರಿಸಲು ಯತ್ನಿಸಿದ್ದು. ಆಯೋಗವು ಅದಕ್ಕೆ ಮಣಿಯದೆ ಪೊಲೀಸರನ್ನು ದೋಷಿಗಳೆಂದು ಕಂಡಿತು. ಆದರೆ ಅವರ ಮೇಲಿನ ಮೊಕದ್ದಮೆಯು ಆಂಧ್ರದಿಂದ ನಮ್ಮ ರಾಯಚೂರಿನ ಸೆಷನ್ಸ್ ನ್ಯಾಯಾಲಯಕ್ಕೆ ವರ್ಗವಾಗಿ ಬಂದು, 1981ರಲ್ಲಿ ಅಲ್ಲಿ ಎಲ್ಲರೂ ಬಿಡುಗಡೆ ಹೊಂದಿದರು.

ದೇಸಾಯಿಗಂಜದ ಹುಡುಗಿಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಪೂರ್ತಿ ಒಂದು ವರ್ಷ ಕಾನೂನು ವರದಿಗಳ ಸಂಪುಟದೊಳಗೆ ಸದ್ದಿಲ್ಲದೆ ಮಲಗಿತ್ತು. 1979ರ ಸೆಪ್ಟೆಂಬರ್ 16ರಂದು ನಾಲ್ವರು ಕಾನೂನು ಪ್ರಾಧ್ಯಾಪಕರು, ದೆಹಲಿಯ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ಪುಣೆಯ ವಸುಧಾ ಧಗಂವಾರ್, ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರವೊಂದನ್ನು ಬರೆದರು. ನ್ಯಾಯಾಲಯದ ತೀರ್ಪನ್ನು ನ್ಯಾಯಶಾಸ್ತ್ರದ ಅಧ್ಯಾಪಕರೇ ಹೀಗೆ ಬಹಿರಂಗವಾಗಿ ಪ್ರಶ್ನಿಸುವುದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ನ್ಯಾಯಾಂಗನಿಂದನೆಯ ಭಯ ವಿದ್ವಾಂಸರ ಲೇಖನಿಗಳ ಮೇಲೆ ಆಗ ಭಾರವಾಗಿಯೇ ಕುಳಿತಿತ್ತು. ಪತ್ರದಲ್ಲಿ ಗೌರವವಿತ್ತು, ಆದರೆ ದಾಕ್ಷಿಣ್ಯವಿರಲಿಲ್ಲ. ಸಮ್ಮತಿಯೆಂಬುದು ಬೇರೆ, ಅಧೀನತೆಯೆಂಬುದು ಬೇರೆ. ಸಮ್ಮತಿಯಲ್ಲಿ ಅಧೀನತೆ ಇರಬಹುದು, ಅಧೀನತೆಯಲ್ಲೆಲ್ಲ ಸಮ್ಮತಿಯಿರಲಾರದು ಎಂಬ ಕಾನೂನಿನ ಅಆಇಈಯನ್ನು ಅವರು ಉಚ್ಚತಮ ಪೀಠಕ್ಕೆ ನೆನಪಿಸಬೇಕಾಯಿತು. ಹೆಂಗಸರನ್ನು ಠಾಣೆಗೆ ಕರೆಸುವ ಪದ್ಧತಿಯನ್ನು ನಂದಿನಿ ಸತ್ಪತಿಯವರ ಮೊಕದ್ದಮೆಯಲ್ಲಿ, ಈ ತೀರ್ಪು ಬಂದ 1978ರಲ್ಲಿಯೇ, ಅದೇ ನ್ಯಾಯಾಲಯವು ಖಂಡಿಸಿತ್ತೆಂಬುದನ್ನೂ ಅವರು ಎತ್ತಿ ತೋರಿಸಿದರು. ಮಾಜಿ ಮುಖ್ಯಮಂತ್ರಿಯೊಬ್ಬರಿಗೆ ಒದಗಿದ ಆ ವಿವೇಚನೆಯು ಕಾಡಂಚಿನ ಕೂಲಿಹುಡುಗಿಗೆ ಏಕೆ ಒದಗಲಿಲ್ಲ ಎಂಬ ಪ್ರಶ್ನೆ ಓದಿದವರೆಲ್ಲರಲ್ಲಿಯೂ ತಾನಾಗಿ ಮೂಡುವಂತಿತ್ತು.

ಆ ಪತ್ರದಿಂದ ಚಳವಳಿ ಹುಟ್ಟಿತು. 1980ರ ಆರಂಭದಲ್ಲಿ ಮುಂಬಯಿಯಲ್ಲಿ ಅತ್ಯಾಚಾರ ವಿರೋಧಿ ವೇದಿಕೆ ರೂಪುಗೊಂಡು, ಮಾರ್ಚ್ 8ರಂದು ಮುಂಬಯಿ, ದೆಹಲಿ, ನಾಗಪುರ, ಪುಣೆ, ಅಹಮದಾಬಾದ್, ಹೈದರಾಬಾದ್‌ಗಳಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ಹೆಂಗಸರು ಬೀದಿಗಿಳಿದು ಮರುವಿಚಾರಣೆಯಾಗಬೇಕೆಂದು ಕೇಳಿದರು. ಅತ್ಯಾಚಾರವೆಂಬ ಮಾತನ್ನು ಮನೆಯ ಜಗುಲಿಯಲ್ಲಿಯೂ ಉಚ್ಚರಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಅದನ್ನು ಭಿತ್ತಿಫಲಕದ ಮೇಲೆ ಬರೆದು ಹಾಡುಹಗಲಲ್ಲಿ ಎತ್ತಿ ಹಿಡಿದು ನಡೆದದ್ದೇ ಆ ದಿನದ ದೊಡ್ಡ ಸಾಧನೆಯೆಂದು ನಾನು ತಿಳಿದಿರುವೆನು. ಮುಚ್ಚಿಡುವುದೇ ಧರ್ಮವೆಂಬ ಹಳೆಯ ಕಟ್ಟನ್ನು ಕಡಿಯಲು ಯಾವ ಕಾಯಿದೆಗೂ ಸಾಮರ್ಥ್ಯವಿರಲಿಲ್ಲ. ಮರುಪರಿಶೀಲನೆಯ ಅರ್ಜಿಯನ್ನು ನ್ಯಾಯಾಲಯ ತಳ್ಳಿಹಾಕಿತು. ಪೊಲೀಸರು ನಿರ್ದೋಷಿಗಳಾಗಿಯೇ ಉಳಿದರು. ಹುಡುಗಿಗೆ ಏನೂ ದೊರೆಯಲಿಲ್ಲ.

ಕಾನೂನು ಆಯೋಗವು ಅದೇ ವರ್ಷ ಏಪ್ರಿಲಿನಲ್ಲಿ ತನ್ನ 84ನೆಯ ವರದಿಯನ್ನು ಒಪ್ಪಿಸಿತು, ಮಸೂದೆ ಆಗಸ್ಟಿನಲ್ಲಿ ಬಂತು, ಜಂಟಿ ಸಮಿತಿಯ ಮುಂದೆ ವರ್ಷಗಟ್ಟಲೆ ಉಳಿದು 1983ರ ಡಿಸೆಂಬರಿನಲ್ಲಿ ಕಾಯಿದೆಯಾಯಿತು. ಪೊಲೀಸರಾಗಲಿ ಬೇರೆ ಅಧಿಕಾರಸ್ಥರಾಗಲಿ ತಮ್ಮ ವಶದಲ್ಲಿರುವ ಹೆಂಗಸಿನೊಡನೆ ಸಂಗ ನಡೆಸಿದ್ದು ಸಿದ್ಧವಾಗಿ, ಅವಳು ತಾನು ಒಪ್ಪಿರಲಿಲ್ಲವೆಂದು ನ್ಯಾಯಾಲಯದಲ್ಲಿ ಹೇಳಿದರೆ, ಸಮ್ಮತಿಯಿರಲಿಲ್ಲವೆಂದೇ ಊಹಿಸಿಕೊಳ್ಳತಕ್ಕದ್ದು ಎಂಬ ನಿಯಮ ಅದರ ತಿರುಳು. ಕನಿಷ್ಠ ಶಿಕ್ಷೆ ಸಾಮಾನ್ಯವಾಗಿ 7 ವರ್ಷ, ಠಾಣೆಯಂಥ ಕಡೆ ನಡೆದಲ್ಲಿ 10 ವರ್ಷ. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ. ಆದರೆ ಹೆಂಗಸಿನ ನಡತೆಯನ್ನು ಜಾಲಾಡಲು ಅವಕಾಶವಿತ್ತಿದ್ದ 1872ರ ಉಪವಿಧಿಯನ್ನು ಸಂಸತ್ತು ಆಗ ಮುಟ್ಟಲಿಲ್ಲ. ಅದು ಹೋದದ್ದು 2002ರ ತಿದ್ದುಪಡಿಯಲ್ಲಿ. ಕಲ್ಪಿತ ಸ್ತ್ರೀಯನ್ನು ಕಾಯಿದೆಯಿಂದ ಓಡಿಸುವುದು ಸುಲಭವಿರಲಿಲ್ಲ. 1983ರಲ್ಲಿಯೇ ನ್ಯಾಯಮೂರ್ತಿ ಎಂ. ಪಿ. ಠಕ್ಕರ್ ಅವರು ಗುಜರಾತಿನ ಮೊಕದ್ದಮೆಯೊಂದರಲ್ಲಿ, ನೊಂದವಳ ಮಾತಿಗೆ ಬೇರೆ ಸಾಕ್ಷಿ ಬೇಕೆಂದು ಹಟ ಹಿಡಿಯುವುದು ಗಾಯದ ಮೇಲೆ ಅಪಮಾನವನ್ನು ಸುರಿದಂತೆ ಎಂಬ ಭಾವವನ್ನು ಕಳಕಳಿಯಿಂದ ಬರೆದರು. ನಾನು ಆ ತೀರ್ಪನ್ನು ಕೃತಜ್ಞತೆಯಿಂದಲೇ ಓದುತ್ತೇನೆ. ಆದರೆ ಅವಳನ್ನು ನಂಬುವುದಕ್ಕೆ ಅವರು ಕೊಟ್ಟ ಕಾರಣಗಳೇನು? ಪಾಶ್ಚಾತ್ಯ ಹೆಂಗಸು ಸುಳ್ಳಾಡಬಹುದು, ಸಂಪ್ರದಾಯಬದ್ಧವಾದ ಭಾರತದ ಹೆಣ್ಣು ತನ್ನ ಶೀಲಕ್ಕೆ ಕಳಂಕ ತರುವ ಸುಳ್ಳನ್ನು ಆಡಲಾರಳು ಎಂಬುದು. ಶೀಲವಂತೆಯಾದ ಕಲ್ಪಿತ ಸ್ತ್ರೀ ಇಲ್ಲಿ ಫಿರ್ಯಾದಿಯ ಪಕ್ಕದಲ್ಲಿ ಬಂದು ನಿಂತಿದ್ದಾಳೆ, ಅಷ್ಟೇ ವ್ಯತ್ಯಾಸ; ಅವಳ ಅಚ್ಚಿಗೆ ಹೊಂದದವಳ ಪಾಡು ಮೊದಲಿನಂತೆಯೇ. 1989ರಲ್ಲಿ ಹರಿಯಾಣದ ಇಬ್ಬರು ಪೊಲೀಸರ 10 ವರ್ಷಗಳ ಸಜೆಯನ್ನು ಸರ್ವೋಚ್ಚ ನ್ಯಾಯಾಲಯವು 5 ವರ್ಷಕ್ಕೆ ಇಳಿಸಿದಾಗ ಕೊಟ್ಟ ಕಾರಣಗಳಲ್ಲಿ ಫಿರ್ಯಾದಿಯ ವರ್ತನೆಯೂ ಒಂದಾಗಿತ್ತು.

ದೆಹಲಿಯ 2012ರ ಡಿಸೆಂಬರಿನ ಘೋರಕೃತ್ಯದ ತರುವಾಯ, ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿಯ ವರದಿಯ ಬೆನ್ನಿಗೆ ಬಂದ 2013ರ ಕಾಯಿದೆಯು ಕಡೆಗೂ ದಂಡಸಂಹಿತೆಯ ಒಡಲಿನಲ್ಲಿಯೇ ಬರೆಯಿತು: ಹೆಂಗಸು ದೇಹಬಲದಿಂದ ಪ್ರತಿರೋಧಿಸಲಿಲ್ಲವೆಂಬ ಕಾರಣಮಾತ್ರದಿಂದ ಅವಳು ಒಪ್ಪಿದಳೆಂದು ಭಾವಿಸತಕ್ಕದ್ದಲ್ಲ. ಠಾಣೆಯ ಆ ರಾತ್ರಿಗೂ ಈ ಒಂದು ವಾಕ್ಯಕ್ಕೂ ನಡುವೆ 41 ವರ್ಷಗಳ ಅಂತರ. 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಉಳಿದುಕೊಂಡಿದೆ.

ಹೀಗಿದ್ದೂ 2020ರ ಜೂನ್ ತಿಂಗಳಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನಿರೀಕ್ಷಣಾ ಜಾಮೀನಿನ ಆದೇಶವೊಂದರಲ್ಲಿ, ಕೃತ್ಯವಾದ ಮೇಲೆ ಆಯಾಸದಿಂದ ನಿದ್ದೆಹೋದೆನೆಂದ ಫಿರ್ಯಾದಿಯ ಮಾತನ್ನು ಕುರಿತು, ಅದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ, ನಮ್ಮ ಹೆಣ್ಣುಗಳು ಇಂಥ ಸಂದರ್ಭದಲ್ಲಿ ನಡೆದುಕೊಳ್ಳುವ ರೀತಿ ಹೀಗಲ್ಲ ಎಂಬ ಅಭಿಪ್ರಾಯ ಬರೆಯಲ್ಪಟ್ಟಿತು. ದೇಶದ ನಾನಾ ಕಡೆಗಳಿಂದ ಆಕ್ಷೇಪಗಳೆದ್ದ ಮೇಲೆ ನ್ಯಾಯಾಲಯವೇ ಆ ಮಾತನ್ನು ಆದೇಶದಿಂದ ತೆಗೆದುಹಾಕಿತು. ಎರಡು ಬೆರಳುಗಳ ಪರೀಕ್ಷೆಯು ಹೆಂಗಸಿನ ಘನತೆಗೂ ಖಾಸಗಿತನಕ್ಕೂ ಭಂಗವೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಸಾರಿತ್ತು. ಆದರೂ 2022ರ ಅಕ್ಟೋಬರ್ 31ರಂದು ಅದೇ ಮಾತನ್ನು ಮತ್ತೆ ಹೇಳಬೇಕಾಯಿತು. ಅಂದು ಪೀಠದ ಮುಂದಿದ್ದುದು ಝಾರ್ಖಂಡದ ಮೊಕದ್ದಮೆ; ಅತ್ಯಾಚಾರಕ್ಕೊಳಗಾಗಿ, ಮೈಗೆ ಬೆಂಕಿ ಹಚ್ಚಲ್ಪಟ್ಟು, 2004ರಲ್ಲಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟ ಯುವತಿಯೊಬ್ಬಳ ವಿಷಯದಲ್ಲಿ ವೈದ್ಯಮಂಡಲಿಯು, ಅವಳಿಗೆ ಪುರುಷಸಂಗದ ರೂಢಿಯಿತ್ತೇ ಎಂದು ತಿಳಿಯಲು ಅದೇ ಪರೀಕ್ಷೆಯನ್ನು ನಡೆಸಿತ್ತು. ಇನ್ನು ಮುಂದೆ ಈ ಪರೀಕ್ಷೆ ಮಾಡುವವರು ದುರ್ನಡತೆಯ ದೋಷಕ್ಕೆ ಗುರಿಯಾಗುವರೆಂದೂ, ವೈದ್ಯಕೀಯ ವಿದ್ಯಾಲಯಗಳ ಪಠ್ಯಕ್ರಮವನ್ನು ಪರಿಶೀಲಿಸಿ ಅದನ್ನು ಯಾರಿಗೂ ಕಲಿಸದಂತೆ ನೋಡಿಕೊಳ್ಳತಕ್ಕದ್ದೆಂದೂ ನ್ಯಾಯಾಲಯವು ಕೇಂದ್ರ ಮತ್ತು ರಾಜ್ಯ ಸರಕಾರಗಳಿಗೆ ಆಜ್ಞಾಪಿಸಿತು.